ಬಿಸಿಯಾದರೆ ಬಾಗಿಲು ತೆರೆಯುವ ಸ್ಫಟಿಕಗಳು

ಈ ವರ್ಷದ ಕಿರುಹೊತ್ತಿಗೆಗೆ ನಿನ್ನ ಓದಿನ ಬಗ್ಗೆ ಏನಾದರೂ ಬರೆದುಕೊಡು ಎಂದು ಸಂಪಾದಕರು ಕೇಳಿದಾಗ ಮೊದಲು ಬೇಡ ಅಂದೆ. ನಾನು ಊರಲ್ಲಿ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಶಿಕಾಗೊಗೆ ಬಂದು ಮಾಸ್ಟರ್ಸ್‌ಗೆ ಮೆಟೀರಿಯಲ್ಸ್ ಹಿಡಿದು ಒಂದೂವರೆ ವರ್ಷ ಆಯ್ತು, ಅಷ್ಟೇ. ಫಸ್ಟ್ ಇಯರ್‌ನ ಕೆಮಿಸ್ಟ್ರಿ ಸೈಕಲ್ ಜೊತೆಗೇ ಕೆಮಿಸ್ಟ್ರಿ ಮುಗೀತು ಅಂದುಕೊಂಡಿದ್ದವಳು ಈಗ ದಿನಾ ಅದನ್ನೇ ಮಾಡುತ್ತಿದ್ದೀನಿ. ಆದರೆ ಕಳೆದ ಬೇಸಿಗೆಯಲ್ಲಿ ನಾನು ಮಾಡಿದ ಒಂದು ತಪ್ಪು ಈ ವಿಷಯವನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿತು. ಅದನ್ನೇ ಹಿಡಿದು ಹೇಳುತ್ತೇನೆ.

ಜುಲೈ ತಿಂಗಳು. ನಾನು ತಯಾರಿಸಿದ ಒಂದು ಬಿಳಿ ಪುಡಿಯನ್ನು 330 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಮೂರು ದಿನ ಇಟ್ಟು, ತೆಗೆದು, ಬೆಂಚಿನ ಮೇಲೆ ಆರಲು ಬಿಟ್ಟು, ಎರಡು ದಿನದ ನಂತರ ಕ್ಷ-ಕಿರಣ ಯಂತ್ರಕ್ಕೆ ಹಾಕಿದೆ. ಗ್ರಾಫಿನಲ್ಲಿ 8.7 ಡಿಗ್ರಿ ಕೋನದಲ್ಲಿ ಎದ್ದು ನಿಲ್ಲಬೇಕಿದ್ದ ಶಿಖರ ಇರಲೇ ಇಲ್ಲ. ಅದರ ಬದಲು 9.4ರಲ್ಲಿ ಒಂದು, 12.5ರಲ್ಲಿ ಇನ್ನೊಂದು. ಜನವರಿಯಲ್ಲಿ ಇದೇ ಪುಡಿ ಸರಿಯಾಗಿ ಬಂದಿತ್ತು. ಮತ್ತೆ ಎರಡು ಬ್ಯಾಚ್ ಮಾಡಿದೆ, ಅವೂ ಹಾಗೇ. “ಬಿಸಿಗೆ ರಚನೆ ಕುಸಿದಿದೆ, ಈ ವಸ್ತು ನಮ್ಮ ಕೆಲಸಕ್ಕೆ ಬಾರದು” ಎಂದು ರಿಪೋರ್ಟ್ ಬರೆದು ಪುಡಿಯನ್ನು ವೇಸ್ಟ್ ಡಬ್ಬಿಗೆ ಸುರಿದೆ. ಆ ರಿಪೋರ್ಟನ್ನು ನಂಬಿ ಪ್ರಾಜೆಕ್ಟಿನ ಪಟ್ಟಿಯಿಂದ ಆ ವಸ್ತುವನ್ನೇ ತೆಗೆದುಹಾಕುವ ಮಾತು ಶುರುವಾಯ್ತು. ಅದರ ಜೊತೆಗೆ ನನ್ನ ಥೀಸಿಸ್‌ನ ಅರ್ಧವೂ ಹೋಗುವುದರಲ್ಲಿತ್ತು. ಪುಣ್ಯಕ್ಕೆ ಮೂರನೇ ಬ್ಯಾಚಿನ ಒಂದು ಚಿಟಿಕೆ ಬಾಟಲಿಯ ತಳದಲ್ಲಿ ಉಳಿದಿತ್ತು.

ಪುಡಿ ಕುಸಿದಿರಲಿಲ್ಲ. ಮುಚ್ಚಿಕೊಂಡಿತ್ತು. ಈ ಎರಡಕ್ಕೂ ಏನು ವ್ಯತ್ಯಾಸ ಅನ್ನುವುದೇ ಈ ಲೇಖನ.

ತೂತುಗಳ ಸ್ಫಟಿಕ

ಈ ಪುಡಿಯ ಕುಲದ ಹೆಸರು ಲೋಹ-ಸಾವಯವ ಚೌಕಟ್ಟು. ಇಂಗ್ಲಿಷಿನ ಮೂರು ಅಕ್ಷರ ಸೇರಿಸಿ ಎಲ್ಲರೂ ‘ಮಾಫ್’ ಅನ್ನುತ್ತಾರೆ. (ಸಾಲ ಮಾಫಿಗೂ ಇದಕ್ಕೂ ಸಂಬಂಧವಿಲ್ಲ, ನನ್ನ ಎಜುಕೇಶನ್ ಲೋನ್ ಹಾಗೇ ಇದೆ.) ಪೆಂಡಾಲಿನ ಬಿದಿರು ಕಟ್ಟುವುದನ್ನು ನೆನಪಿಸಿಕೊಳ್ಳಿ. ಗಂಟು ಇರುವ ಕಡೆ ಲೋಹದ ಅಣುಗುಚ್ಛ, ಬಿದಿರಿನ ಜಾಗದಲ್ಲಿ ಇಂಗಾಲದ ಅಣು. ಹೀಗೆ ಮೂರು ದಿಕ್ಕಿಗೂ ಅಚ್ಚುಕಟ್ಟಾಗಿ ಕಟ್ಟುತ್ತಾ ಹೋದರೆ ನಡುವೆ ಉಳಿಯುವುದು ಬರೀ ಖಾಲಿ ಜಾಗ. ಆ ಖಾಲಿಯೇ ಇದರ ಬೆಲೆ. 1999ರಲ್ಲಿ ಪ್ರಕಟವಾದ ಮಾಫ್-5 ಎಂಬುದರ ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 2900 ಚದರ ಮೀಟರ್ ಆಗುತ್ತದೆ, ಅಂದ್ರೆ ಹನ್ನೊಂದು ಟೆನಿಸ್ ಕೋರ್ಟ್.

2025ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸಕ್ಕೇ. ರಿಚರ್ಡ್ ರಾಬ್ಸನ್, ಸುಸುಮು ಕಿಟಗಾವ ಮತ್ತು ಒಮರ್ ಯಾಘಿ ಹಂಚಿಕೊಂಡರು. ಯಾಘಿ ನಮ್ಮ ಕಡೆಯವರು ಅಂತ ನಾವಿಲ್ಲಿ ಹೇಳಿಕೊಳ್ಳುತ್ತೇವೆ. ಪಿಎಚ್‌ಡಿ ಮಾಡಿದ್ದು ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನಿನಲ್ಲಿ, ಮಾಫ್-5 ಪ್ರಕಟವಾದ ವರ್ಷವೇ ಸೇರಿಕೊಂಡದ್ದು ಡೆಟ್ರಾಯಿಟ್ ಪಕ್ಕದ ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯವನ್ನು. ಕಿಟಗಾವ ಅವರ ಹೆಸರು ಮಾತ್ರ ಈ ಲೇಖನಕ್ಕೆ ಇನ್ನೂ ಹತ್ತಿರ, ಯಾಕಂದ್ರೆ ಈ ಚೌಕಟ್ಟುಗಳು ಕಲ್ಲಿನ ಹಾಗೆ ಗಟ್ಟಿಯಾಗಿಯೇ ಇರಬೇಕಿಲ್ಲ, ಮಣಿಯಬಹುದು, ಉಸಿರಾಡಬಹುದು ಎಂದು ಒತ್ತಿ ಹೇಳಿದವರು ಅವರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಮಣಿಯುವ ಮಾಫ್‌ಗಳ ಮೇಲೆ ಒಳ್ಳೆಯ ಕೆಲಸ ನಡೆಯುತ್ತದೆ. ನನಗೆ ಇದು ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು, ಸ್ವಲ್ಪ ನಾಚಿಕೆಯೂ ಆಯ್ತು.

ಮಾವನ ಅಂಗಡಿಯ ಗೇಟು

ನನ್ನ ಬಿಳಿ ಪುಡಿಯ ಹೆಸರು ಮಿಲ್-53. ಫ್ರಾನ್ಸಿನ ವರ್ಸೈನಲ್ಲಿ ಜೆರಾರ್ ಫೆರೆ ಅವರ ತಂಡ ಮಾಡಿದ್ದು. ಇದರ ಅಲ್ಯೂಮಿನಿಯಂ ರೂಪ ಬಂದದ್ದು 2004ರಲ್ಲಿ. ಮಾಡುವುದು ಕಷ್ಟವಿಲ್ಲ. ಅಲ್ಯೂಮಿನಿಯಂ ನೈಟ್ರೇಟ್, ಟೆರೆಫ್ತಾಲಿಕ್ ಆಸಿಡ್, ನೀರು, ಇವನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ 220 ಡಿಗ್ರಿಯಲ್ಲಿ ಮೂರು ದಿನ ಬೇಯಿಸಬೇಕು. ಒಂಥರಾ ಕುಕ್ಕರ್, ಸೀಟಿ ಮಾತ್ರ ಇಲ್ಲ. ಟೆರೆಫ್ತಾಲಿಕ್ ಆಸಿಡ್ ಅಂದ್ರೆ ನೀವು ಕುಡಿಯುವ ನೀರಿನ ಪೆಟ್ ಬಾಟಲಿಯ ಮೂಲ ಸಾಮಗ್ರಿ. ಅದನ್ನು ಶುದ್ಧ ರೂಪದಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ವಿಧಾನವನ್ನು ಬೆಳೆಸಿದ್ದು ಶಿಕಾಗೊದ ಅಮೋಕೊ ಕಂಪನಿ. ಡೌನ್‌ಟೌನಿನಲ್ಲಿ ಬೆಳ್ಳಗೆ ನಿಂತಿರುವ ಏಯಾನ್ ಸೆಂಟರ್ ಇದೆಯಲ್ಲ, ಹಿಂದೆ ಅದೇ ಅಮೋಕೊ ಕಟ್ಟಡ.

ಈಗ ರಚನೆಗೆ ಬರೋಣ. ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮ ಸೋದರಮಾವನ ದಿನಸಿ ಅಂಗಡಿಗೆ ಹಳೇ ಕೊಲಾಪ್ಸಿಬಲ್ ಗೇಟು ಇತ್ತು. ಕಬ್ಬಿಣದ ಪಟ್ಟಿಗಳು ಒಂದಕ್ಕೊಂದು ಅಡ್ಡ ಕೂಡಿ ಶಂಕರಪೋಳಿ ಆಕಾರದ ಕಿಂಡಿಗಳು. ಪಕ್ಕಕ್ಕೆ ತಳ್ಳಿದರೆ ಪ್ರತಿ ಕಿಂಡಿಯೂ ಸಣ್ಣಗಾಗಿ ಉದ್ದವಾಗುತ್ತದೆ. ಪಟ್ಟಿಯ ಅಳತೆ ಬದಲಾಗುವುದಿಲ್ಲ, ಕೂಡಿದ ಜಾಗದ ಕೋನ ಮಾತ್ರ ಬದಲಾಗುತ್ತದೆ. ಮಿಲ್-53 ಹೀಗೇ. ಅಲ್ಯೂಮಿನಿಯಂ ಮತ್ತು ಆಕ್ಸಿಜನ್ ಸೇರಿದ ಸರಪಳಿಗಳು ಕಂಬದಂತೆ ಉದ್ದಕ್ಕೆ ಓಡುತ್ತವೆ. ಒಂದು ಕಂಬದಿಂದ ನಾಲ್ಕು ದಿಕ್ಕಿನ ಕಂಬಗಳಿಗೆ ಟೆರೆಫ್ತಾಲೇಟ್ ಪಟ್ಟಿಗಳು. ಕಂಬದ ತುದಿಯಿಂದ ನೋಡಿದರೆ ಶಂಕರಪೋಳಿ ಕಿಂಡಿಗಳ ಸಾಲು ಕಾಣುತ್ತದೆ.

ಒಂದು ಲೆಕ್ಕ ಮಾಡಿ ನೋಡಿ, ಖುಷಿಯಾಗುತ್ತೆ. ತೆರೆದ ರೂಪದಲ್ಲಿ ಕಿಂಡಿಯ ಎರಡು ಕರ್ಣಗಳು ಸುಮಾರು 16.7 ಮತ್ತು 12.8 ಆಂಗ್‌ಸ್ಟ್ರಾಮ್. (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು.) ನೀರು ಕುಡಿದು ಮುಚ್ಚಿದ ರೂಪದಲ್ಲಿ 19.5 ಮತ್ತು 7.6. ಎರಡಕ್ಕೂ ಅರ್ಧ ಕರ್ಣಗಳನ್ನು ತೆಗೆದುಕೊಂಡು ಪೈಥಾಗೊರಸ್ ಹಾಕಿ. ಬದಿಯ ಉದ್ದ ಎರಡರಲ್ಲೂ 10.5 ಬರುತ್ತದೆ. ಪಟ್ಟಿ ಮುರಿದಿಲ್ಲ, ಬಗ್ಗಿಲ್ಲ, ಕುಗ್ಗಿಲ್ಲ. ಆದರೂ ಘಟಕ ಕೋಶದ ಗಾತ್ರ ಸುಮಾರು 1410 ಘನ ಆಂಗ್‌ಸ್ಟ್ರಾಮ್‌ನಿಂದ 950ರ ಹತ್ತಿರಕ್ಕೆ ಇಳಿಯುತ್ತದೆ. ಮೂರರಲ್ಲಿ ಒಂದು ಪಾಲು ಮಾಯ! ನನ್ನ ಗ್ರಾಫಿನ 8.7 ತೆರೆದ ಗೇಟಿನ ಗುರುತು, 9.4 ಮತ್ತು 12.5 ಮುಚ್ಚಿದ ಗೇಟಿನ ಗುರುತು. ಕುಸಿದಿದ್ದರೆ ಚೂಪಾದ ಶಿಖರಗಳೇ ಇರುತ್ತಿರಲಿಲ್ಲ, ಅಗಲವಾದ ದಿಬ್ಬ ಕಾಣುತ್ತಿತ್ತು. ಅಷ್ಟು ಚೂಪಾದ ಶಿಖರ ಕಣ್ಣೆದುರು ಇಟ್ಟುಕೊಂಡು ‘ಕುಸಿದಿದೆ’ ಎಂದು ಬರೆದೆನಲ್ಲ, ಅದಕ್ಕೆ ನನ್ನ ಹತ್ತಿರ ಈಗಲೂ ಉತ್ತರವಿಲ್ಲ.

ಬಿಸಿ ಏನು ಮಾಡುತ್ತದೆ

ಮೆಕ್ಯಾನಿಕಲ್ ಓದಿದವರಿಗೆ ಬಿಸಿ ಅಂದ ಕೂಡಲೇ ಹಿಗ್ಗುವಿಕೆ ನೆನಪಾಗುತ್ತದೆ. ಬೇಸಿಗೆ ಬಿಸಿಲು ಜೋರಾದಾಗ ಶಿಕಾಗೊ ನದಿಯ ಎತ್ತುವ ಸೇತುವೆಗಳಿಗೆ ನೀರು ಹೊಡೆದು ತಣಿಸುವುದನ್ನು ನೋಡಿರಬಹುದು. ಉಕ್ಕು ಹಿಗ್ಗಿ ಎರಡು ಭಾಗಗಳು ಸಿಕ್ಕಿಹಾಕಿಕೊಳ್ಳಬಾರದು ಅಂತ. ಒಂದು ಮೀಟರ್ ಉಕ್ಕನ್ನು 100 ಡಿಗ್ರಿ ಬಿಸಿ ಮಾಡಿದರೆ ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. ಮಾಫ್-5 ಇದಕ್ಕೆ ತದ್ವಿರುದ್ಧ. ಅದರಲ್ಲೇ ಒಂದು ಮೀಟರ್ ಸರಳು ಮಾಡಲು ಸಾಧ್ಯವಾದರೆ, ಅಷ್ಟೇ ಬಿಸಿಗೆ ಅದು ಸುಮಾರು 1.3 ಮಿಲಿಮೀಟರ್ ಕುಗ್ಗುತ್ತದೆ.

ಇದನ್ನು ಮೊದಲು ಕಂಪ್ಯೂಟರ್ ಲೆಕ್ಕದಲ್ಲಿ ಹಿಡಿದವರು ನಮ್ಮ ಪಕ್ಕದ ಎವನ್‌ಸ್ಟನ್‌ನವರು. 2007ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಾಂಡಲ್ ಸ್ನರ್ ತಂಡದ ಡುಬ್ಬೆಲ್‌ಡಾಮ್, ವಾಲ್ಟನ್ ಮತ್ತು ಎಲ್ಲಿಸ್, ಮಾಫ್-5 ಮತ್ತು ಅದರ ಅಣ್ಣತಮ್ಮಂದಿರು ಬಿಸಿಗೆ ಕುಗ್ಗುತ್ತವೆ ಎಂದು ತೋರಿಸಿದರು. ಆಮೇಲೆ ಅಳೆದು ನೋಡಿದಾಗ ಹೌದು ಅನ್ನಿಸಿಕೊಂಡಿತು. 2008ರಲ್ಲಿ ಎಚ್‌ಕಸ್ಟ್-1 ಎಂಬ ತಾಮ್ರದ ಮಾಫ್ ಕೂಡ ಕುಗ್ಗುವುದು ಗೊತ್ತಾಯಿತು, ಆದರೆ ಮಾಫ್-5ರ ಮೂರನೇ ಒಂದು ಭಾಗದಷ್ಟು ಮಾತ್ರ. ಇಂಥ ಅಳತೆಗಳಿಗೆ ಹೇಳಿ ಮಾಡಿಸಿದ ಜಾಗ ಲೆಮಾಂಟ್‌ನ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ. ಅಲ್ಲಿನ ಅಡ್ವಾನ್ಸ್ಡ್ ಫೋಟಾನ್ ಸೋರ್ಸ್ 1.1 ಕಿಲೋಮೀಟರ್ ಸುತ್ತಳತೆಯ ಉಂಗುರ. ಪುಡಿಯನ್ನು ಬಿಸಿ ಮಾಡುತ್ತಾ ಮಾಡುತ್ತಾ ಅದರ ರಚನೆ ಬದಲಾಗುವುದನ್ನು ಕ್ಷ-ಕಿರಣದಲ್ಲಿ ನೋಡಬಹುದು.

ಕುಗ್ಗುವುದು ಯಾಕೆ? ಇಬ್ಬರು ಹುಡುಗಿಯರು ಸ್ಕಿಪ್ಪಿಂಗ್ ಹಗ್ಗ ಹಿಡಿದು ತಿರುಗಿಸುವುದನ್ನು ನೋಡಿ. ಜೋರಾಗಿ ತಿರುಗಿಸಿದಷ್ಟೂ ಹಗ್ಗ ಹೊಟ್ಟೆ ಬಿಡುತ್ತದೆ, ಇಬ್ಬರೂ ಒಂದೊಂದು ಹೆಜ್ಜೆ ಹತ್ತಿರ ಬರಬೇಕಾಗುತ್ತದೆ. ಬಿಸಿಯಾದಾಗ ಮಾಫ್‌ನ ಸಾವಯವ ಪಟ್ಟಿಗಳೂ ಅಡ್ಡಡ್ಡ ಅಲುಗಾಡುತ್ತವೆ, ತುದಿಯ ಲೋಹಗುಚ್ಛಗಳು ಹತ್ತಿರ ಸರಿಯುತ್ತವೆ. ಉಕ್ಕಿನೊಳಗೆ ಹೀಗೆ ಅಲುಗಲು ಜಾಗವಿಲ್ಲ. ಇಲ್ಲಿ ಜಾಗವೇ ಎಲ್ಲ.

ಇದು ಮೆಲ್ಲಗಿನ ಬದಲಾವಣೆ, ಡಿಗ್ರಿಗೆ ಇಷ್ಟು ಎಂದು ಲೆಕ್ಕ ಹಾಕಬಹುದು. ಮಿಲ್-53 ಮಾಡುವುದು ನೆಗೆತ.

ಈ ಕಥೆಯಲ್ಲಿ ಡೆಟ್ರಾಯಿಟ್ ಬರುತ್ತದೆ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಯುನ್ ಲಿಯು, ಕ್ರೇಗ್ ಬ್ರೌನ್ ಮುಂತಾದವರು ವಾರನ್‌ನಲ್ಲಿರುವ ಜನರಲ್ ಮೋಟರ್ಸ್ ಸಂಶೋಧನಾ ಕೇಂದ್ರದ ಆನ್ ಡೆಯ್ಲಿ ಜೊತೆ ಸೇರಿ ಮಿಲ್-53ನ್ನು ನ್ಯೂಟ್ರಾನ್ ಹಾಯಿಸಿ ಪರೀಕ್ಷಿಸಿದರು. ಕಾರು ಕಂಪನಿಗೆ ಇದರಲ್ಲೇನು ಆಸಕ್ತಿ ಅಂದ್ರೆ, ಹೈಡ್ರೋಜನ್. ಕಾರಿನ ಟ್ಯಾಂಕಿನಲ್ಲಿ ಹೈಡ್ರೋಜನ್ ಹಿಡಿದಿಡುವ ಪುಡಿಗಳನ್ನು ಆಗ ಎಲ್ಲರೂ ಹುಡುಕುತ್ತಿದ್ದರು. ಅದುವರೆಗೆ ಗೇಟು ಮುಚ್ಚಬೇಕಾದರೆ ಒಳಗೆ ನೀರೋ ಅನಿಲವೋ ಸೇರಿ ಎಳೆಯಬೇಕು ಎಂದು ನಂಬಿದ್ದರು. ಇವರು ಪುಡಿಯನ್ನು ಪೂರ್ತಿ ಖಾಲಿ ಮಾಡಿ, ಬರೀ ತಾಪಮಾನ ಬದಲಿಸಿದರು. ತಣ್ಣಗೆ ಮಾಡುತ್ತಾ ಹೋದಾಗ 150ರಿಂದ 125 ಕೆಲ್ವಿನ್ ನಡುವೆ, ಅಂದ್ರೆ ಸೊನ್ನೆಗಿಂತ 123ರಿಂದ 148 ಡಿಗ್ರಿ ಸೆಲ್ಸಿಯಸ್ ಕೆಳಗೆ, ಗೇಟು ತಾನಾಗಿ ಮುಚ್ಚಿತು. ತಿರುಗಿ ಬಿಸಿ ಮಾಡಿದರೆ ಅದೇ ಜಾಗದಲ್ಲಿ ತೆರೆಯಲಿಲ್ಲ. ರೂಮಿನ ತಾಪಮಾನ ದಾಟಿ 325ರಿಂದ 375 ಕೆಲ್ವಿನ್, ಅಂದ್ರೆ 52ರಿಂದ 102 ಡಿಗ್ರಿ ಸೆಲ್ಸಿಯಸ್ ತನಕ ಹೋದ ಮೇಲೆ ತೆರೆಯಿತು. ಮುಚ್ಚುವುದಕ್ಕೂ ತೆರೆಯುವುದಕ್ಕೂ ನಡುವೆ ಕಮ್ಮಿ ಅಂದರೂ 175 ಡಿಗ್ರಿ ಅಂತರ.

ಮುಚ್ಚಿದಾಗ ಎದುರುಬದುರು ಗೋಡೆಗಳ ಬೆಂಜೀನ್ ಉಂಗುರಗಳು ಹತ್ತಿರ ಬರುತ್ತವೆ. ಅವುಗಳ ನಡುವೆ ಸಣ್ಣ ಸೆಳೆತ ಇದೆ. ಚಳಿಗೆ ಬೆಕ್ಕಿನ ಮರಿಗಳು ಒತ್ತಿಕೊಂಡು ಮಲಗಿದ ಹಾಗೆ, ಶಕ್ತಿಯ ಲೆಕ್ಕದಲ್ಲಿ ಅದೇ ಲಾಭ. ತೆರೆದಾಗ ಸೆಳೆತ ಹೋಯಿತು, ಆದರೆ ಪಟ್ಟಿಗಳಿಗೆ ಅಲುಗಾಡಲು ಸ್ವಾತಂತ್ರ್ಯ ಸಿಕ್ಕಿತು, ಅಂದ್ರೆ ಎಂಟ್ರೊಪಿ ಹೆಚ್ಚಿತು. ಥರ್ಮೋಡೈನಮಿಕ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನೆನಪಿರಬಹುದು: ಶಕ್ತಿಯಿಂದ ತಾಪಮಾನ ಮತ್ತು ಎಂಟ್ರೊಪಿಯ ಗುಣಲಬ್ಧವನ್ನು ಕಳೆದಾಗ ಯಾವುದು ಕಡಿಮೆಯೋ ಅದು ಗೆಲ್ಲುತ್ತದೆ. ತಾಪಮಾನ ಏರಿದಷ್ಟೂ ಎಂಟ್ರೊಪಿಯ ಪಾಲು ದೊಡ್ಡದಾಗುತ್ತದೆ. ಹಾಗಾಗಿ ಚಳಿಯಲ್ಲಿ ಮುಚ್ಚಿದ್ದು, ಬಿಸಿಯಲ್ಲಿ ತೆರೆದದ್ದು. ಬಿಸಿಗೆ ಮಾಫ್-5 ಕುಗ್ಗಿದ್ದೂ, ಮಿಲ್-53 ಅರಳಿದ್ದೂ ಒಂದೇ ಕಾರಣದಿಂದ, ಪಟ್ಟಿಗಳ ಅಲುಗಾಟದಿಂದ. ಚೌಕಟ್ಟು ಹೇಗೆ ಕೂಡಿದೆ ಅನ್ನುವುದರ ಮೇಲೆ ಫಲ ಬೇರೆ.

ಆದರೆ 175 ಡಿಗ್ರಿ ಅಂತರ ಎಲ್ಲಿಂದ ಬಂತು? ಮತ್ತೆ ಮಾವನ ಗೇಟು. ಒಂದು ಕಿಂಡಿ ಮಾತ್ರ ಮುಚ್ಚಲು ಆಗುವುದಿಲ್ಲ, ಪಕ್ಕದ್ದೂ ಅದರ ಪಕ್ಕದ್ದೂ ಒಟ್ಟಿಗೆ ಸರಿಯಬೇಕು. ಮಳೆಗಾಲದಲ್ಲಿ ಆ ಗೇಟು ತುಕ್ಕು ಹಿಡಿದು, ತೆರೆದಿಟ್ಟರೆ ತೆರೆದೇ, ಮುಚ್ಚಿದರೆ ಮುಚ್ಚಿಯೇ ಇರುತ್ತಿತ್ತು. ಕದಲಿಸಬೇಕಾದರೆ ಮಾವ ಭುಜ ಕೊಟ್ಟು ತಳ್ಳಬೇಕಿತ್ತು. ಸ್ಫಟಿಕಕ್ಕೂ ಹಾಗೇ ಒಂದು ತಡೆ ಇದೆ, ದಾಟಲು ಲಾಭ ಸಾಕಷ್ಟು ದೊಡ್ಡದಾಗಬೇಕು. ಅಡುಗೆಮನೆಯ ಉದಾಹರಣೆ ಬೇಕಿದ್ದರೆ ಚೀನಾ ಗ್ರಾಸ್. ಅದು ಕರಗಬೇಕಾದರೆ 85 ಡಿಗ್ರಿ ಹತ್ತಿರ ಹೋಗಬೇಕು, ಗಟ್ಟಿಯಾಗುವುದು ಮಾತ್ರ 40ರ ಆಸುಪಾಸಿಗೆ ಇಳಿದ ಮೇಲೆ. ಹಾಗಾದರೆ 60 ಡಿಗ್ರಿಯಲ್ಲಿ ಚೀನಾ ಗ್ರಾಸ್ ನೀರೋ ಗಟ್ಟಿಯೋ? ಪ್ರಶ್ನೆಯೇ ಅರ್ಧ. ಒಲೆ ಮೇಲಿಂದ ಇಳಿದು ಬಂದದ್ದೋ, ಫ್ರಿಜ್ಜಿನಿಂದ ಏರಿ ಬಂದದ್ದೋ ಎಂದು ಕೇಳಬೇಕು.

ಮಿಲ್-53ರ ವಿಷಯದಲ್ಲಿ ನಾವು ಬದುಕುವ ತಾಪಮಾನವೆಲ್ಲ ಈ ನಡುವಿನ ಪಟ್ಟಿಯೊಳಗೇ ಇದೆ. 2019ರ ಜನವರಿ 30ರಂದು ಶಿಕಾಗೊದಲ್ಲಿ ಸೊನ್ನೆಗಿಂತ 23 ಫ್ಯಾರನ್‌ಹೀಟ್ ಕೆಳಗೆ ಇಳಿದಿತ್ತು. ಎಷ್ಟು ಕೆಲ್ವಿನ್? ಸುಮಾರು 243. ಖಾಲಿ ಪುಡಿಯನ್ನು ಬಿಗಿಯಾಗಿ ಮುಚ್ಚಿ ಅವತ್ತು ರಾತ್ರಿ ಹೊರಗಿಟ್ಟಿದ್ದರೂ ತೆರೆದ ಗೇಟು ಮುಚ್ಚುತ್ತಿರಲಿಲ್ಲ. ಅದೇ ಪುಡಿಯನ್ನು 77 ಕೆಲ್ವಿನ್‌ನ ದ್ರವ ನೈಟ್ರೋಜನ್ ಚಳಿಯಲ್ಲಿ ಸಾಕಷ್ಟು ಹೊತ್ತು ಇಟ್ಟು ವಾಪಸ್ ತಂದರೆ, ಒಂದೇ ಮೇಜಿನ ಮೇಲೆ, ಒಂದೇ 22 ಡಿಗ್ರಿಯಲ್ಲಿ, ಒಂದು ಬಾಟಲಿಯಲ್ಲಿ ತೆರೆದ ಸ್ಫಟಿಕ, ಇನ್ನೊಂದರಲ್ಲಿ ಮುಚ್ಚಿದ ಸ್ಫಟಿಕ. ಎರಡರ ರಾಸಾಯನಿಕ ಸೂತ್ರವೂ ಒಂದೇ. ‘ಸಾಕಷ್ಟು ಹೊತ್ತು’ ಅಂದದ್ದಕ್ಕೆ ಕಾರಣ ಇದೆ: ಚಳಿಯಲ್ಲಿ ಮುಚ್ಚುವ ಕೆಲಸ ಬಹಳ ನಿಧಾನ ಎಂದು ಅದೇ 2008ರ ತಂಡ ಗಮನಿಸಿತ್ತು. ಹೈಡ್ರೋಜನ್ ಹೀರುವ ಅಳತೆಯನ್ನು ಸಾಮಾನ್ಯವಾಗಿ ಮಾಡುವುದೂ 77 ಕೆಲ್ವಿನ್‌ನಲ್ಲೇ. ಬೆಳಗ್ಗೆ ಅಳೆದವರಿಗೂ ಎರಡು ದಿನ ಚಳಿಯಲ್ಲಿಟ್ಟು ಅಳೆದವರಿಗೂ ಒಂದೇ ಉತ್ತರ ಬರಬೇಕು ಅನ್ನುವ ಖಾತ್ರಿ ಇಲ್ಲ.

ನೀರು ಎಂಬ ಮೂರನೆಯವನು

ಹಾಗಾದರೆ ಜುಲೈನ ನನ್ನ ಪುಡಿ 125 ಕೆಲ್ವಿನ್ ನೋಡದೇ ಹೇಗೆ ಮುಚ್ಚಿತು? ನೀರಿನಿಂದ. ಸರಪಳಿಯ ಮೇಲೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳಿವೆ. ಗಾಳಿಯ ತೇವ ಒಳಗೆ ಬಂದರೆ ನೀರಿನ ಅಣು ಒಂದು ಕೈಯಲ್ಲಿ ಈ ಗೋಡೆ, ಇನ್ನೊಂದು ಕೈಯಲ್ಲಿ ಆ ಗೋಡೆ ಹಿಡಿದು ಎಳೆಯುತ್ತದೆ. ಜನವರಿಯಲ್ಲಿ ಹೀಟರ್ ಓಡುವ ಲ್ಯಾಬಿನ ಗಾಳಿ ತುಟಿ ಒಡೆಯುವಷ್ಟು ಒಣ. ಅದೂ ಅಲ್ಲದೆ ಅವತ್ತು ಕುಲುಮೆಯಿಂದ ತೆಗೆದ ಗಂಟೆಯೊಳಗೇ ಅಳೆದಿದ್ದೆ. ಜುಲೈನಲ್ಲಿ ಮಂಗಳೂರು ಥರದ ಸೆಕೆ, ಬಾಟಲಿಯ ಮುಚ್ಚಳ ಸಡಿಲ, ಎರಡು ದಿನ ಬೆಂಚಿನ ಮೇಲೆ. ನಾನು ಬಿಸಿಯನ್ನು ದೂರಿದೆ. ಬಿಸಿ ಗೇಟು ತೆರೆದುಕೊಟ್ಟು ಹೋಗಿತ್ತು, ಆಮೇಲೆ ಬಂದವನು ಮುಚ್ಚಿದ್ದ.

ನಿಜಕ್ಕೂ ಬಿಸಿಗೆ ಹಾಳಾಗುವುದು ಬೇರೆಯೇ. ಅಲ್ಯೂಮಿನಿಯಂ ಮಿಲ್-53 ಸುಮಾರು 500 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ. ಅದನ್ನು ಮೀರಿದರೆ ಗಾಳಿಯಲ್ಲಿ ಸಾವಯವ ಪಟ್ಟಿಗಳು ಸುಟ್ಟುಹೋಗಿ ಕೊನೆಗೆ ಅಲ್ಯೂಮಿನಾ ಉಳಿಯುತ್ತದೆ. ಅದಕ್ಕೆ ವಾಪಸ್ ದಾರಿ ಇಲ್ಲ. ನನ್ನ 330 ಅದರಿಂದ ಬಹಳ ದೂರ.

ಈ ತೆರೆ-ಮುಚ್ಚು ಬರೀ ತಲೆನೋವಲ್ಲ, ಕೆಲವರು ಅದನ್ನೇ ಉಪಯೋಗಕ್ಕೆ ಹಚ್ಚಿದ್ದಾರೆ. ಪುಡಿಯೊಳಗೆ ಅನಿಲ ತುಂಬುವಾಗ ಶಾಖ ಹೊರಬರುತ್ತದೆ, ಹಬೆ ನೀರಾಗುವಾಗ ಬಂದ ಹಾಗೆ. ಟ್ಯಾಂಕು ಬಿಸಿಯಾದರೆ ಪುಡಿ ಕಡಿಮೆ ಹಿಡಿಯುತ್ತದೆ. ಖಾಲಿ ಮಾಡುವಾಗ ಉಲ್ಟಾ, ತಣ್ಣಗಾಗಿ ಅನಿಲ ಒಳಗೇ ಉಳಿಯುತ್ತದೆ. 2015ರಲ್ಲಿ ಬರ್ಕ್‌ಲಿಯ ಜೆಫ್ರಿ ಲಾಂಗ್ ತಂಡ, ಜಾರಡ್ ಮೇಸನ್ ಮುಂದಾಳತ್ವದಲ್ಲಿ, ಕೋಬಾಲ್ಟ್ ಮತ್ತು ಕಬ್ಬಿಣದ ಎರಡು ಮಣಿಯುವ ಮಾಫ್‌ಗಳಿಗೆ ಮೀಥೇನ್ ತುಂಬಿ ನೋಡಿತು. ಖಾಲಿ ಇದ್ದಾಗ ಮುಚ್ಚಿಕೊಂಡಿರುವ ಇವು ಒಂದು ಒತ್ತಡ ಬಂದಾಗ ಗೇಟು ತೆರೆಯುತ್ತವೆ. ತೆರೆಯಲು ಶಾಖ ಬೇಕು, ಅನಿಲ ಕೂರುವಾಗ ಬಂದ ಶಾಖದಲ್ಲಿ ಒಂದಿಷ್ಟು ಅದಕ್ಕೇ ಖರ್ಚಾಗುತ್ತದೆ. ಬೇರೆ ಕೂಲಿಂಗ್ ಪೈಪಿನ ಹೊರೆ ಅಷ್ಟರ ಮಟ್ಟಿಗೆ ಕಮ್ಮಿ. ರೇಡಿಯೇಟರ್ ಡಿಸೈನ್ ಮಾಡಿ ಪಾಸಾದ ನನಗೆ ಇದು ತುಂಬಾ ಹಿಡಿಸಿತು.

ಇನ್ನು ಆ ಉಳಿದ ಚಿಟಿಕೆ. ಲ್ಯಾಬಿನ ಸೀನಿಯರ್ ಒಬ್ಬರು ಗ್ರಾಫ್ ನೋಡಿ, “ಹವಾಮಾನ ಹೇಗಿತ್ತು ಅವತ್ತು?” ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರೇ ಪುಡಿಯನ್ನು ಬಿಸಿ ಮಾಡುವ ತಟ್ಟೆ ಇರುವ ಕ್ಷ-ಕಿರಣ ಯಂತ್ರಕ್ಕೆ ಹಾಕಿಸಿ, ಮೇಲೆ ಒಣ ನೈಟ್ರೋಜನ್ ಹರಿಸಿ, 150 ಡಿಗ್ರಿಗೆ ಏರಿಸಲು ಹೇಳಿದರು. ಪರದೆಯ ಮೇಲೆ 9.4 ಇಳಿಯುತ್ತಾ 8.7 ಎದ್ದು ಬಂತು. ನೈಟ್ರೋಜನ್ ಹರಿಯುತ್ತಲೇ ರೂಮಿನ ತಾಪಮಾನಕ್ಕೆ ಇಳಿಸಿದೆವು, 8.7 ಅಲ್ಲೇ ನಿಂತಿತು. ಆಮೇಲೆ ಮುಚ್ಚಳ ತೆಗೆದು ಊಟಕ್ಕೆ ಹೋಗಿ ಬಂದು ನೋಡಿದರೆ 9.4 ವಾಪಸ್ಸಾಗುತ್ತಿತ್ತು.

ಅವತ್ತು ಸಂಜೆಯೇ ಪ್ರೊಫೆಸರ್‌ಗೆ ಹೇಳಿ ರಿಪೋರ್ಟ್ ತಿದ್ದಿದೆ. ವಸ್ತು ಪಟ್ಟಿಯಲ್ಲಿ ಉಳಿಯಿತು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲು ‘ತಾಪಮಾನ’ ಎಂಬ ಒಂದೇ ಕಾಲಂ ಇತ್ತು. ಈಗ ಅದರ ಪಕ್ಕ ಇನ್ನೂ ಮೂರು ಇವೆ: ಇದಕ್ಕೆ ಮೊದಲು ಎಷ್ಟು ಡಿಗ್ರಿಯಲ್ಲಿತ್ತು, ಯಾವ ಗಾಳಿಯಲ್ಲಿ ಆರಿತು, ಎಷ್ಟು ಹೊತ್ತಾಯಿತು.